ಮಾರುವುದಲ್ಲ, ಮಾಡಿಕೊಡುವುದು

ಟಪ್, ಟಪ್, ಟಪ್ ಎಂದು ಮೊದಲು ಬೆಲ್ಟು ಬಡಿದುಕೊಳ್ಳುತ್ತದೆ. ಆಮೇಲೆ ಮೋಟರಿನ ಗುಂಯ್ ಸದ್ದು ಏರಿ, ಬೆಲ್ಟಿನ ಬಡಿತವನ್ನು ನುಂಗಿಕೊಂಡು, ಎನ್.ಆರ್. ಕಾಲೋನಿಯ ಆ ಅಡ್ಡರಸ್ತೆಯ ಕಿಟಕಿ ಗಾಜುಗಳನ್ನೆಲ್ಲ ಒಂದು ಗಳಿಗೆ ನಡುಗಿಸುತ್ತದೆ. ಮುನಿರಾಮಪ್ಪನ ಹಿಟ್ಟಿನ ಗಿರಣಿ ಬೆಳಗ್ಗೆ ಒಂಬತ್ತಕ್ಕೆ ಶುರುವಾಯಿತೆಂದರೆ ಬೀದಿಯವರು ಗಡಿಯಾರ ನೋಡಿಕೊಳ್ಳುತ್ತಾರೆ. ಗಿರಣಿಯ ಪಕ್ಕದ ಮನೆಯ ಯಮುನಾ ತನ್ನ ಬಲಪಕ್ಕೆ ನೋಡಿಕೊಳ್ಳುತ್ತಾಳೆ.

ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಅಂಚಿಗೆ ಸೀರೆಯ ಮೇಲಿಂದಲೇ ಎರಡು ಬೆರಳಿಟ್ಟು, ಇವತ್ತು ಇದೆಯೇ, ಎಷ್ಟಿದೆ ಎಂದು ತಡವುವುದು ಅವಳಿಗೆ ಹಣೆಗೆ ಕುಂಕುಮ ಇಟ್ಟುಕೊಂಡಷ್ಟೇ ಸಲೀಸಾಗಿ ಹೋಗಿತ್ತು. ಆರು ವರ್ಷದ ನೋವು ಅದು. ಕೆಲವು ದಿನ ಅಲ್ಲಿ ಏನೋ ಕುಳಿತಿದೆ ಎಂಬಷ್ಟೇ ಭಾರ. ಕೆಲವು ದಿನ ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ ಥಟ್ಟನೆ ಹಿಡಿದುಕೊಂಡು, ಪಕ್ಕೆಯಿಂದ ಬೆನ್ನಿಗೆ ಸುತ್ತಿ, ಉಸಿರನ್ನು ಅರ್ಧದಲ್ಲೇ ನಿಲ್ಲಿಸಿಬಿಡುವುದು. ಹೊಟ್ಟೆಯೋ ಪಕ್ಕೆಯೋ ಬೆನ್ನೋ ಎಂದು ಕೇಳಿದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಮೂರಕ್ಕೂ ಸೇರಿದ, ಮೂರಕ್ಕೂ ಸೇರದ ಜಾಗ ಅದು. ಆ ಜಾಗಕ್ಕೆ ಕನ್ನಡದಲ್ಲಿ ಒಂದು ಹೆಸರಿದ್ದಿದ್ದರೆ ತನ್ನ ಮಾತನ್ನು ನಂಬುತ್ತಿದ್ದರೇನೋ ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಅವಳಿಗೆ ಬೇಕಿದ್ದುದೂ ಅಷ್ಟೇ. ನೋವು ಹೋಗಲಿ ಎಂಬ ಆಸೆ ಎರಡನೆಯ ವರ್ಷಕ್ಕೇ ಮಾಸಿಹೋಗಿತ್ತು. ಇದು ಇದೆ, ಇದಕ್ಕೊಂದು ಕಾರಣವಿದೆ ಎಂದು ಯಾರಾದರೂ ಒಬ್ಬರು ಈ ಮನೆಯವರೆದುರು ಹೇಳಬೇಕಿತ್ತು.

ಯಮುನಾ ಚಾಮರಾಜಪೇಟೆಯ ಶಾಲಾ ಮಾಸ್ತರರ ಮಗಳು. ಬಿ.ಕಾಂ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು ಬಂದಿದ್ದಳು. ಮದುವೆಯ ಮಾತುಕತೆಯ ದಿನವೇ ಅತ್ತೆ ಸುಂದರಮ್ಮ, "ನಮ್ಮನೆ ಹೆಣ್ಮಕ್ಕಳು ಕೆಲಸಕ್ಕೆ ಅಂತ ಹೊಸ್ತಿಲು ದಾಟಿದವರಲ್ಲ" ಎಂದು ಕಾಫಿ ಲೋಟ ಕೆಳಗಿಡುತ್ತ ಹೇಳಿದ್ದರು. ಅದು ನಿಜವೇ. ಹೊಸ್ತಿಲು ದಾಟುವ ಅಗತ್ಯವೇ ಇರಲಿಲ್ಲ. ಕೆಲಸ ಒಳಗೇ ಇತ್ತು, ಮೂರು ಕಾಲಿನ ಮೇಲೆ ನಿಂತಿತ್ತು.

ಅದು ಹಲಸಿನ ಮರದ ಶ್ಯಾವಿಗೆ ಒರಳು. ಸುಂದರಮ್ಮನ ಅತ್ತೆಯ ಕಾಲದ್ದು. ನಡುವೆ ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಸಣ್ಣ ಸಣ್ಣ ತೂತು, ಮೇಲೆ ಅದುಮಲು ಮಾರುದ್ದದ ಮರದ ಹಿಡಿ, ಸನ್ನೆ. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಗೊಟಾಯಿಸಿ, ಮುದ್ದೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಸುಡುಸುಡುತ್ತಿರುವಾಗಲೇ ಕೊಳವೆಗೆ ತುಂಬಿ ಸನ್ನೆ ಅದುಮಬೇಕು. ಆಗ ಕೆಳಗೆ ತಟ್ಟೆಯಲ್ಲಿ ಬೆಳ್ಳಗೆ, ನೂಲು ನೂಲಾಗಿ ಒತ್ತುಶ್ಯಾವಿಗೆ ಇಳಿಯುತ್ತದೆ. ಮುದ್ದೆ ಒಂದಿಷ್ಟು ಆರಿತೋ, ಕಲ್ಲು. ಆಮೇಲೆ ಆನೆ ಬಂದು ಒತ್ತಿದರೂ ಇಳಿಯದು. ಆ ಮನೆಯ ಒತ್ತುಶ್ಯಾವಿಗೆ ಕಾಯಿಹಾಲಿನ ಜೊತೆ ಬಸವನಗುಡಿಯ ಅರ್ಧ ಹಳೆಯ ಮನೆಗಳಿಗೆ ಹೋಗುತ್ತಿತ್ತು: ಹುಟ್ಟಿದಹಬ್ಬಕ್ಕೆ, ಸೀಮಂತಕ್ಕೆ, ಬೀಗರು ಬರುವ ಭಾನುವಾರಕ್ಕೆ. ಕೊರೊನಾ ಕಾಲದಲ್ಲಿ ಹೋಟೆಲುಗಳು ಮುಚ್ಚಿದಾಗ ವಾರಕ್ಕೆ ಆರು ದಿನ ಹೋಗುತ್ತಿತ್ತು. ಆದರೆ 'ಆರ್ಡರ್' ಎಂಬ ಮಾತು ಆ ಮನೆಯಲ್ಲಿ ಮೈಲಿಗೆ. "ಯಾರೋ ಹೇಳಿದಾರೆ" ಎನ್ನಬೇಕು. ದುಡ್ಡು ಬರುವುದು ತಾಂಬೂಲದ ತಟ್ಟೆಯಲ್ಲಿ, ಎಲೆ ಅಡಿಕೆಯ ಕೆಳಗೆ, ಕವರಿನಲ್ಲಿ. ತೆಗೆದುಕೊಳ್ಳುವವರು ಸುಂದರಮ್ಮ. ಯಾರಾದರೂ ಹೊಸಬರು ಗೇಟಿನಲ್ಲಿ ನಿಂತು, "ಇಲ್ಲಿ ಶ್ಯಾವಿಗೆ ಮಾರ್ತಾರಂತೆ?" ಎಂದರೆ ಸುಂದರಮ್ಮನ ಮುಖ ಕೆಂಪಾಗುತ್ತಿತ್ತು.

"ಮಾರೋದಲ್ಲಪ್ಪಾ. ಮಾಡಿಕೊಡೋದು. ಬೇಕಾದವರಿಗೆ."

ಒರಳಿಗೆ ಇಬ್ಬರು ಬೇಕು. ಒಬ್ಬರು ಸನ್ನೆ ಅದುಮಲು, ಒಬ್ಬರು ಕೆಳಗೆ ತಟ್ಟೆ ತಿರುಗಿಸಲು. ತಿರುಗಿಸದಿದ್ದರೆ ಎಳೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಮೊದಲು ಸುಂದರಮ್ಮ ತಟ್ಟೆ ತಿರುಗಿಸುತ್ತಿದ್ದರು, ಯಮುನಾ ಎರಡೂ ಕೈಯಲ್ಲಿ ಸನ್ನೆ ಹಿಡಿಯುತ್ತಿದ್ದಳು. ಅತ್ತೆಯ ಮಂಡಿ ಹೋದ ಮೇಲೆ ಅವರು ದಿವಾನದ ಮೇಲೆ ಕುಳಿತು, "ಬೇಗ ಬೇಗ, ಆರತ್ತೆ" ಎನ್ನುವ ಕೆಲಸ ಇಟ್ಟುಕೊಂಡರು. ಗಂಡ ವರದರಾಜ ಸಹಕಾರ ಬ್ಯಾಂಕೊಂದರಲ್ಲಿ ಗುಮಾಸ್ತ, ತೋಳಿನಲ್ಲಿ ಕಸುವಿದ್ದ ಗಂಡಸು. ಮನೆಮಂದಿಗೆ ಮಾತ್ರ ಮಾಡುವ ದಿನ ಬನಿಯನ್ನಿನಲ್ಲಿ ಬಂದು ಎರಡು ಮುದ್ದೆ ಒತ್ತಿ, "ನೋಡಿದ್ಯಾ, ಹೆಂಗೆ?" ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಬೇರೆಯವರಿಗೆ ಎಂದರೆ, "ಊರಿಗೆಲ್ಲ ಒತ್ತಕ್ಕೆ ನಾನೇನು ಅಡುಗೆ ಭಟ್ಟನಾ?" ಎಂದು ಪೇಪರು ಬಿಡಿಸಿಕೊಂಡು ಕೂರುತ್ತಿದ್ದ.

ಹಾಗಾಗಿ ಯಮುನಾ ತನ್ನದೇ ಒಂದು ದಾರಿ ಹುಡುಕಿಕೊಂಡಳು. ಬಗ್ಗಿ, ಸನ್ನೆಯ ತುದಿಯನ್ನು ಬಲಪಕ್ಕೆಯ ಕೆಳಗೆ ಕೊಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರೆ ಎಡಗೈ ತಟ್ಟೆ ತಿರುಗಿಸಲು ಬಿಡುವಾಗುತ್ತಿತ್ತು. ಬಲಗೈ ಮುಂದಿನ ಮುದ್ದೆಗೆ. ಒಬ್ಬಳೇ ಇಬ್ಬರ ಕೆಲಸ. ಅದನ್ನು ನೋಡಿದ ದಿನ ಸುಂದರಮ್ಮ ಮನಸಾರೆ ಹೊಗಳಿದರು. "ಜಾಣೆ ಕಣೆ ನೀನು." ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ನೇರವಾದ ಹೊಗಳಿಕೆ ಅದೊಂದೇ ಇರಬೇಕು. ಅದಕ್ಕೇ ಅವಳಿಗೆ ಚೆನ್ನಾಗಿ ನೆನಪಿದೆ.

ನೋವು ಮೊದಲು ಬಂದದ್ದು ನಾದಿನಿ ಸುಪ್ರಜಾಳ ಹೊಸಮನೆಯ ಗೃಹಪ್ರವೇಶದ ದಿನ. ಬೆಳಗಿನ ತಿಂಡಿಗೆ ನೂರೈವತ್ತು ಜನಕ್ಕೆ ಒತ್ತುಶ್ಯಾವಿಗೆ. "ಕೇಟರಿಂಗ್‌ನವರದು ರಬ್ಬರ್ ಇದ್ದಂಗಿರತ್ತೆ, ಅತ್ತಿಗೆ ಮಾಡಿದ್ರೇನೇ ಚೆಂದ" ಎಂದು ಸುಪ್ರಜಾ ಒರಳನ್ನೇ ಆಟೋದಲ್ಲಿ ಹಾಕಿಸಿಕೊಂಡು ಹೋಗಿದ್ದಳು. ನಸುಕಿನಿಂದ ಒತ್ತಿ ಒತ್ತಿ, ಹೋಮದ ಹೊಗೆ ಮನೆ ತುಂಬುವ ಹೊತ್ತಿಗೆ ಕೊನೆಯ ಮುದ್ದೆ ಇಳಿಯಿತು. ಯಮುನಾ ಎದ್ದು ನಿಂತಳು. ಪಕ್ಕೆಯಲ್ಲಿ ಏನೋ ಕಟಕ್ ಅಂದಂತಾಯಿತು. ಉಸಿರು ಎಳೆದುಕೊಳ್ಳಲಾಗಲಿಲ್ಲ. ಗೋಡೆ ಹಿಡಿದುಕೊಂಡು ಸ್ಟೋರ್ ರೂಮಿಗೆ ಹೋಗಿ ಅಕ್ಕಿಮೂಟೆಗೆ ಒರಗಿ ಮಲಗಿಬಿಟ್ಟಳು. ಆರತಿಗೆ ಅತ್ತಿಗೆ ಎಲ್ಲಿ ಎಂದು ಹುಡುಕಿಕೊಂಡು ಬಂದ ಸುಪ್ರಜಾ ಬಾಗಿಲಲ್ಲಿ ನಿಂತು, ಹಿಂದೆ ಬಂದ ಹೆಂಗಸರಿಗೂ ಕೇಳುವ ಹಾಗೆ ನಕ್ಕಳು.

"ಏನ್ ಅತ್ತಿಗೆ, ಹೊಟ್ಟೆನೋವೋ ಹೊಟ್ಟೆಕಿಚ್ಚೋ?"

ಎಲ್ಲರೂ ನಕ್ಕರು. ಸುಂದರಮ್ಮ ಕೂಡ, ಬಾಯಿಗೆ ಸೆರಗು ಹಿಡಿದು. ವರದರಾಜ ಕೂಡ. ಯಮುನಾಳಿಗೆ ಮಕ್ಕಳಾಗಿರಲಿಲ್ಲ. ಹೊಟ್ಟೆ ಎಂಬ ಮಾತು ಆ ಮನೆಯವರ ಬಾಯಲ್ಲಿ ಅವಳನ್ನು ಯಾವಾಗಲೂ ಚುಚ್ಚುತ್ತಿತ್ತು. ಅವತ್ತು ಎರಡು ಕಡೆ.

ಆ ಜೋಕು ಮನೆಗೆ ಬಂದು ಉಳಿದುಕೊಂಡಿತು. ಯಾರಾದರೂ ಹೊಸ ಕಾರು ತೆಗೆದುಕೊಂಡ ಸುದ್ದಿ ಬಂದರೆ ವರದರಾಜ, "ನಿನ್ನ ಪಕ್ಕೆ ಹೆಂಗಿದೆ ನೋಡ್ಕೋ" ಎನ್ನುತ್ತಿದ್ದ. ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಪ್ರಮೋಷನ್ನಿನ ಫೋಟೋ ಹಾಕಿದರೆ ಇನ್ಯಾರೋ, ಯಮುನಾ ಅತ್ತಿಗೆಗೆ ಒಂದು ಜೆಲುಸಿಲ್ ಎಂದು ಬರೆದು ನಗುವ ಮುಖ ಹಾಕುತ್ತಿದ್ದರು. ಅವಳೂ ಒಂದು ನಗುವ ಮುಖ ಹಾಕುತ್ತಿದ್ದಳು. ಹಾಕದಿದ್ದರೆ ನಿಜವಾಗಿಬಿಡುತ್ತದಲ್ಲ.

ಗಾಂಧಿ ಬಜಾರಿನ ಹತ್ತಿರ ಡಾಕ್ಟರ್ ಲಕ್ಷ್ಮಯ್ಯ ಅವರ ಕ್ಲಿನಿಕ್ಕು. ನಲವತ್ತು ವರ್ಷದಿಂದ ಆ ಮನೆಯ ನೆಗಡಿ ಜ್ವರಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಮೊದಲ ಸಲ ಸುಂದರಮ್ಮ ಜೊತೆಗೆ ಬಂದಿದ್ದರು. ಡಾಕ್ಟರು ಬಿ.ಪಿ. ಪಟ್ಟಿ ಸುತ್ತುತ್ತ, "ಏನಮ್ಮಾ, ಕೆಲಸ ಗಿಲಸ ಏನು?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೆ. ಮನೇಲೇ ಇರ್ತಾಳೆ" ಎಂದರು ಸುಂದರಮ್ಮ.

"ಅದಕ್ಕೇ ಮತ್ತೆ. ಗ್ಯಾಸ್ಟ್ರಿಕ್. ಕೂತಲ್ಲೇ ಕೂತಿದ್ರೆ ಗ್ಯಾಸು ಪಕ್ಕೆಗೆ ಹಿಡ್ಕೊಳತ್ತೆ. ದಿನಾ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಎರಡು ಸುತ್ತು ವಾಕಿಂಗ್ ಮಾಡು." ಚೀಟಿ ಬರೆದು ಕೊಡುತ್ತ ಡಾಕ್ಟರು ಸುಂದರಮ್ಮನ ಕಡೆ ತಿರುಗಿದರು. "ಹೋದ ಭಾನುವಾರ ಶ್ಯಾವಿಗೆ ಬೆಣ್ಣೆ ಇದ್ದಂಗಿತ್ತು ಬಿಡಿ. ಮೊಮ್ಮಗ ಮೂರು ಸಲ ಹಾಕಿಸ್ಕೊಂಡ."

"ಏನೋ ನಿಮ್ಮಂಥವರಿಗೆ ಮಾಡಿಕೊಡೋದೇ ಒಂದು ಪುಣ್ಯ" ಎಂದರು ಸುಂದರಮ್ಮ.

ಇಬ್ಬರ ನಡುವೆ ಸ್ಟೂಲಿನ ಮೇಲೆ ಕುಳಿತ ಯಮುನಾ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಅಲ್ಲಿಂದ ಶುರುವಾಯಿತು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಜೀರಿಗೆ ಕಷಾಯ, ಓಮದ ನೀರು. ಮಲ್ಲೇಶ್ವರದ ಆಯುರ್ವೇದದವರು ಪಿತ್ತ ಎಂದು ಹುಣಿಸೆಹಣ್ಣು ಬಿಡಿಸಿದರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಬಾಯೊಳಗೆ ನಳಿಕೆ ಇಳಿಸಿ ನೋಡಿ, ಒಳಗೆ ಸ್ವಲ್ಪ ಕೆಂಪಾಗಿದೆ ಅಷ್ಟೇ ಎಂದರು. ಎಲ್ಲ ಕಡೆ ಫಾರಂ ತುಂಬಿಸುತ್ತಿದ್ದರು. ಹೆಸರು, ವಯಸ್ಸು, ಉದ್ಯೋಗ. ಉದ್ಯೋಗದ ಎದುರು ವರದರಾಜ ಯೋಚನೆಯೇ ಇಲ್ಲದೆ ಗೃಹಿಣಿ ಎಂದು ಬರೆಯುತ್ತಿದ್ದ. ಅವನು ಜೊತೆಗಿಲ್ಲದ ದಿನ ಯಮುನಾಳೇ ಬರೆಯುತ್ತಿದ್ದಳು, ಟೈಪಿಂಗ್ ಪರೀಕ್ಷೆ ಪಾಸು ಮಾಡಿದ ಕೈಯಲ್ಲಿ, ದುಂಡಗೆ. ಒಬ್ಬ ಡಾಕ್ಟರು ಬಾಯಿಬಿಟ್ಟು ಕೇಳಿದ್ದರು, "ಭಾರ ಎತ್ತೋ ಕೆಲಸ ಏನಾದ್ರೂ ಮಾಡ್ತೀರಾ?" ಅವಳು ಇಲ್ಲ ಎಂದಿದ್ದಳು. ಎತ್ತುವುದಿಲ್ಲವಲ್ಲ, ಒತ್ತುವುದು. ಅದು ಕೆಲಸವೂ ಅಲ್ಲ. ಮಾಡಿಕೊಡುವುದು.

ಮೂರನೆಯ ವರ್ಷ ಸ್ಕ್ಯಾನಿನಲ್ಲಿ ಪಿತ್ತಕೋಶದೊಳಗೆ ಎರಡು ಸಣ್ಣ ಕಲ್ಲು ಕಂಡವು. ಮನೆಯಲ್ಲಿ ಹಬ್ಬದಷ್ಟು ಸಮಾಧಾನ. ವರದರಾಜ ಆ ಪ್ಲೇಟನ್ನು ಬೆಳಕಿಗೆ ಹಿಡಿದು ತಾಯಿಗೆ ತೋರಿಸಿದ. "ನೋಡಮ್ಮಾ, ಕಡಲೆಬೇಳೆಯಷ್ಟಿದೆ." ಯಮುನಾ ಕೂಡ ಆ ರಾತ್ರಿ ಹಾಯಾಗಿ ಮಲಗಿದಳು. ಕಾರಣ ಸಿಕ್ಕಿತ್ತು. ಹೆಸರಿತ್ತು, ಫೋಟೋ ಇತ್ತು. ಪಿತ್ತಕೋಶವನ್ನು ತೆಗೆದರು.

ಹೊಟ್ಟೆಯ ಮೇಲೆ ನಾಲ್ಕು ತೂತಿನ ಗುರುತು ಹೊತ್ತು ಬಂದವಳಿಗೆ ಎರಡು ತಿಂಗಳು ಒರಳು ಮುಟ್ಟಬಾರದೆಂದು ಸುಂದರಮ್ಮನೇ ಹೇಳಿದರು. ಹೇಳಿಕಳಿಸಿದವರಿಗೆಲ್ಲ ಸೊಸೆಗೆ ಆಪರೇಷನ್ ಎಂದು ತಿಳಿಸಲಾಯಿತು. ಆ ಎರಡು ತಿಂಗಳು ನೋವು ಸುಳಿಯಲಿಲ್ಲ. ಯಮುನಾ ಬ್ಯೂಗಲ್ ರಾಕಿನ ಬಂಡೆಗಳ ನಡುವೆ ನಡೆದಾಡಿದಳು, ಬಾವಲಿಗಳು ನೇತಾಡುವ ಮರದ ಕೆಳಗೆ ನಿಂತು ಪೂರ್ತಿ ಉಸಿರು ಎಳೆದುಕೊಂಡು ನೋಡಿದಳು. ಉಸಿರು ಒಳಗೆ ಹೋಗುತ್ತಿತ್ತು, ತಳದವರೆಗೂ.

ಮೂರನೆಯ ತಿಂಗಳು ಒಂದು ಸೀಮಂತ. ಎಂಬತ್ತು ಜನ. ಒತ್ತಿ ಎದ್ದ ಮರುದಿನ ಬೆಳಗ್ಗೆ ಅದು ಹಳೆಯ ಜಾಗದಲ್ಲಿ ಬಂದು ಕೂತಿತ್ತು.

ಈ ಸಲ ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ವರದರಾಜ ಫೈಲು ತೆಗೆದು ಒಂದೊಂದೇ ಹಾಳೆ ಮಗುಚಿದ. "ಎಲ್ಲ ನಾರ್ಮಲ್ ಯಮುನಾ. ತೆಗೀಬೇಕಾಗಿದ್ದೂ ತೆಗೆದಾಯ್ತು. ಇನ್ನೇನ್ ಮಾಡ್ಲಿ ಹೇಳು? ನಿನಗೆ ಕೆಲಸ ಬಂದಾಗ್ಲೇ ನೋವು ಬರತ್ತೆ. ಎರಡು ತಿಂಗಳು ಆರಾಮಾಗಿ ಓಡಾಡ್ಕೊಂಡಿರ್ಲಿಲ್ವಾ?" ಅವನು ಕೋಪದಿಂದ ಹೇಳಲಿಲ್ಲ. ದಣಿದು ಹೇಳಿದ. ಕೀಲಿಕೈ ಕೈಯಲ್ಲೇ ಹಿಡಿದುಕೊಂಡು ಬೀಗ ಇಲ್ಲ ಎನ್ನುತ್ತಿದ್ದ. ಅದು ಅವನಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಸುಂದರಮ್ಮ ದೇವರಮನೆಯಿಂದಲೇ, "ಮನಸ್ಸಿನ ಡಾಕ್ಟ್ರಿಗೆ ತೋರಿಸು ಅಂತಾಳೆ ಸುಪ್ರಜಾ" ಎಂದರು. ತೋರಿಸಿದರು. ಆ ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಕಟಕ್ ಎನ್ನುತ್ತಿತ್ತು. ಇದು ನನ್ನ ತಲೆಯೊಳಗಿನ ಸದ್ದೇ ಇರಬಹುದು ಎಂದು ಅವಳು ನಂಬತೊಡಗಿದಳು. ಸುಪ್ರಜಾಳ ಮನೆ ನೋಡಿ ಆ ದಿನ ತನಗೆ ನಿಜಕ್ಕೂ ಹೊಟ್ಟೆಕಿಚ್ಚಾಗಿತ್ತೇ ಎಂದು ಪಾತ್ರೆ ತೊಳೆಯುತ್ತ ಎಷ್ಟು ಸಲ ಯೋಚಿಸಿದಳೋ. ಆಗಿರಲೂಬಹುದು. ಅಷ್ಟು ದೊಡ್ಡ ಅಡುಗೆಮನೆ.

ಹೀಗೆ ಮತ್ತೆ ಮೂರು ವರ್ಷ.

ಈ ವರ್ಷ ಸುಪ್ರಜಾಳ ಮಗಳ ಸೀಮಂತ ಬಂತು. ಭಾನುವಾರ, ನೂರಿಪ್ಪತ್ತು ಜನ. ಗುರುವಾರ ಬೆಳಗ್ಗೆ ಯಮುನಾ ಅಕ್ಕಿಯ ಡಬ್ಬ ಹೊತ್ತು ಗಿರಣಿಗೆ ಹೋದಾಗ ಗಿರಣಿ ನಿಂತಿತ್ತು. ಮುನಿರಾಮಪ್ಪ ಹುಬ್ಬು ಮೀಸೆಯೆಲ್ಲ ಹಿಟ್ಟು ಮೆತ್ತಿಕೊಂಡು ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಯಾರನ್ನೋ ಬಯ್ಯುತ್ತಿದ್ದ. ಆ ಸದ್ದಿನಲ್ಲೇ ಬದುಕಿ ಕಿವಿ ಮಂದವಾದವನು. ಬಯ್ದರೂ ಹೊಗಳಿದರೂ ಇಡೀ ಬೀದಿಗೆ ಕೇಳಬೇಕು.

"ಏನಾಯ್ತು ಮುನಿರಾಮಪ್ಪನೋರೇ?"

"ಬೆಲ್ಟ್ ಜಾರ್ತೈತೆ ಕಣಮ್ಮೋ. ಮೆಕ್ಯಾನಿಕ್ಕು ಅಂತ ಒಬ್ಬ ಬಂದಿದ್ದ, ನಗರ್ತಪೇಟೆಯಿಂದ. ಮಿಷಿನ್ನು ಖಾಲಿ ಓಡ್ಸಿ ನೋಡ್ದ. ಏನೂ ಇಲ್ಲ ಗುರು, ಚೆನ್ನಾಗೈತೆ ಅಂದ, ಹೋದ. ಅಯ್ಯೋ ನಿನ್ನ ಮುಖಕ್ಕಿಷ್ಟು! ಖಾಲಿ ಓಡ್ಸುದ್ರೆ ಯಾವ ಮಿಷಿನ್ನಾದ್ರೂ ಚೆನ್ನಾಗೇ ಇರ್ತೈತೆ. ಅಕ್ಕಿ ಸುರ್ದು ಲೋಡ್ ಮೇಲೆ ನೋಡ್ಬೇಕಲ್ವಾ? ಲೋಡ್ ಬಿದ್ರೇನೇ ಜಾರೋದು."

ಯಮುನಾ ಡಬ್ಬ ಕೆಳಗಿಡಲಿಲ್ಲ. ಸೊಂಟದ ಮೇಲೆ ಹಾಗೇ ಹಿಡಿದು ನಿಂತಳು.

"ಸಂಜೆಗೆ ಆಯ್ತದೆ ಬಿಡಿ, ಡಬ್ಬ ಇಟ್ಟು ಹೋಗಿ" ಎಂದು ಅವನೇ ಎದ್ದು ಇಸಿದುಕೊಂಡ. "ಎಷ್ಟು, ಹನ್ನೆರಡು ಕೇಜಿನಾ? ಅಬ್ಬಬ್ಬಾ. ಈ ಬೀದೀಲಿ ನಾನೊಬ್ಬ, ನೀವೊಬ್ರು ಕಣಮ್ಮ ಕೆಲಸ ಮಾಡೋರು. ಮಿಕ್ಕೋರೆಲ್ಲ ಬರೀ ತಿನ್ನೋರು!"

ಕೆಲಸ ಮಾಡೋರು. ಇಡೀ ಬೀದಿಗೆ ಕೇಳಿಸಿತು. ಯಮುನಾಳಿಗೆ ಕಿವಿ ಬಿಸಿಯಾಯಿತು, ಯಾರೋ ಗುಟ್ಟು ಬಯಲು ಮಾಡಿದ ಹಾಗೆ. ಹಿಂದಿನ ದಿನವಷ್ಟೇ ನಲವತ್ತು ಜನಕ್ಕೆ ಒತ್ತಿದ್ದಳು. ಪಕ್ಕೆ ಇನ್ನೂ ಹಿಡಿದುಕೊಂಡೇ ಇತ್ತು. ಆರು ವರ್ಷ ಡಾಕ್ಟರುಗಳ ಹತ್ತಿರ ಹೋದದ್ದೆಲ್ಲ ಒತ್ತುವುದು ಮುಗಿದು, ವಾರ ಕಳೆದು, ವರದರಾಜನಿಗೆ ರಜೆ ಸಿಕ್ಕ ದಿನ. ಪ್ರತಿ ಸಲವೂ ಖಾಲಿ ಓಡಿಸಿ ತೋರಿಸಿದ್ದು. ಅವಳು ಮನೆಗೆ ಹೋಗಲಿಲ್ಲ. ಹಾಗೇ, ಮನೆಯಲ್ಲುಡುವ ಸೀರೆಯಲ್ಲಿ, ಗಾಂಧಿ ಬಜಾರಿನ ಕಡೆ ನಡೆದಳು.

ಕ್ಲಿನಿಕ್ಕಿನಲ್ಲಿ ಲಕ್ಷ್ಮಯ್ಯ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಅವರ ಕುರ್ಚಿಯಲ್ಲಿ ಶಿವರಂಜಿನಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು, ಕೂದಲನ್ನು ಪೆನ್ನಿನಿಂದಲೇ ಗಂಟು ಹಾಕಿಕೊಂಡು ಕುಳಿತಿದ್ದಳು. ಹಳೆಯ ಫೈಲು ಇಲ್ಲ ಎಂದಾಗ ಬೇಜಾರು ಮಾಡಿಕೊಳ್ಳಲಿಲ್ಲ. ಹೊಸ ಕಾರ್ಡು, ಇನ್ನೊಂದು ಪೆನ್ನು ತೆಗೆದಳು.

"ಹೆಸರು ಆಯ್ತು. ಏನ್ ಕೆಲಸ ಮಾಡ್ತೀರಾ?"

"ಏನೂ..." ಎಂದಳು ಯಮುನಾ. ಎರಡು ಬೆರಳು ಪಕ್ಕೆಗೆ ಹೋದವು. "ಶ್ಯಾವಿಗೆ ಒತ್ತುತೀನಿ."

"ಅಂದ್ರೆ?"

"ಮಾರಕ್ಕೆ."

ಆ ಪದವನ್ನು ಅವಳು ಮೊದಲ ಸಲ ಬಾಯಲ್ಲಿ ಆಡಿದ್ದು. ರುಚಿ ಏನೂ ಇರಲಿಲ್ಲ ಅದಕ್ಕೆ. ಆಮೇಲೆ ಎದ್ದು, ಮೇಜಿನ ಮೂಲೆಯನ್ನೇ ಸನ್ನೆ ಮಾಡಿಕೊಂಡು, ಬಗ್ಗಿ, ಬಲಪಕ್ಕೆ ಕೊಟ್ಟು, ಎಡಗೈಯಲ್ಲಿ ಇಲ್ಲದ ತಟ್ಟೆ ತಿರುಗಿಸಿ ತೋರಿಸಿದಳು. ಶಿವರಂಜಿನಿ ಪೆನ್ನು ಕೆಳಗಿಟ್ಟಳು.

"ದಿನಕ್ಕೆ ಎಷ್ಟು ಸಲ ಹೀಗೆ?"

"ನೂರು ಜನಕ್ಕಾದ್ರೆ... ಇನ್ನೂರು ಮುದ್ದೆ ಇರತ್ತೆ."

"ಎಷ್ಟು ವರ್ಷದಿಂದ?"

"ಒಬ್ಬಳೇ ಒತ್ತೋದು ಹನ್ನೊಂದು ವರ್ಷ."

ಮಂಚದ ಮೇಲೆ ಮಲಗಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಸ್ವಲ್ಪ ನೋವಾಗತ್ತೆ. ಹೇಳಿಬಿಟ್ಟೇ ಮಾಡ್ತೀನಿ" ಎಂದು ಪಕ್ಕೆಯ ಅಂಚಿನ ಕೆಳಗೆ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಮೇಲಕ್ಕೆ ಎಳೆದಳು.

ಕಟಕ್.

ಯಮುನಾ ಕೂಗಿಬಿಟ್ಟಳು. ಹೊರಗೆ ಕಾಯುತ್ತಿದ್ದವರು ಬಗ್ಗಿ ನೋಡಿದರು.

"ಇದೇನಾ ಆ ನೋವು?"

"ಇದೇ. ಇದೇ ಅದು. ನಿಮಗೂ ಕೇಳಿಸ್ತಾ ಸದ್ದು?"

"ಕೇಳಿಸ್ತು. ಬೆರಳಿಗೂ ತಗಲ್ತು."

ಯಮುನಾ ಅತ್ತಳು. ನೋವಿಗೆಂದುಕೊಂಡು ಡಾಕ್ಟರು ಹತ್ತಿಯಲ್ಲಿ ಕಣ್ಣು ಒರೆಸಿದಳು. ಆಮೇಲೆ ತನ್ನದೇ ಬೆರಳುಗಳನ್ನು ಹರಡಿ ವಿವರಿಸಿದಳು. "ಮೇಲಿನ ಪಕ್ಕೆಲುಬುಗಳು ನೇರ ಎದೆಮೂಳೆಗೆ ಅಂಟಿಕೊಂಡಿರ್ತವೆ. ಎಂಟು, ಒಂಬತ್ತು, ಹತ್ತು ಹಾಗಲ್ಲ, ಒಂದರ ಕೈ ಒಂದು ಹಿಡ್ಕೊಂಡಿರ್ತವೆ. ನಿಮ್ಮ ಹತ್ತನೇದು ಕೈ ಬಿಟ್ಟಿದೆ. ಭಾರ ಬಿದ್ದಾಗ ಜಾರಿ ಒಳಗೆ ಹೋಗತ್ತೆ, ಅಲ್ಲಿರೋ ನರ ಹಿಸುಕತ್ತೆ. ಹೊಟ್ಟೆನೋವಿನ ಥರಾನೇ ಇರತ್ತೆ, ಆದ್ರೆ ಹೊಟ್ಟೆಯದಲ್ಲ. ಸುಮ್ನೆ ಮಲಗಿಸಿ ಸ್ಕ್ಯಾನ್ ಮಾಡಿದ್ರೆ ಕಾಣಲ್ಲ. ಅಲುಗಾಡಿಸಿ ನೋಡೋ ಸ್ಕ್ಯಾನ್ ಒಂದಿದೆ, ಬರ್ಕೊಡ್ತೀನಿ, ಖಚಿತ ಮಾಡ್ಕೊಳೋಣ. ಇಂಜೆಕ್ಷನ್ ಇದೆ. ಆದ್ರೆ ಮೊದಲನೇ ಔಷಧಿ ಅಂದ್ರೆ, ಒತ್ತೋದು ನಿಲ್ಲಿಸ್ಬೇಕು. ಇವತ್ತಿಂದ."

"ಕಲ್ಲಿದೆ ಅಂತ ಪಿತ್ತಕೋಶ ತೆಗೆಸಿದೀನಿ" ಎಂದಳು ಯಮುನಾ, ಸೆರಗು ಸರಿಮಾಡಿಕೊಳ್ಳುತ್ತ.

ಡಾಕ್ಟರು ಅದನ್ನೂ ಕಾರ್ಡಿನಲ್ಲಿ ಬರೆದುಕೊಂಡಳು. "ಕಲ್ಲು ಇತ್ತಲ್ಲ... ತೆಗೆದಿದ್ದು ತಪ್ಪು ಅನ್ನಕ್ಕಾಗಲ್ಲ. ಆದ್ರೆ ಈ ನೋವು ಅದರದ್ದಲ್ಲ." ಆಮೇಲೆ ಕೇಳಿದಳು. "ಇಷ್ಟು ವರ್ಷ ಯಾರೂ ಏನು ಕೆಲಸ ಅಂತ ಕೇಳಲೇ ಇಲ್ವಾ ನಿಮ್ಮನ್ನ?"

"ಕೇಳಿದ್ರು."

ದಾರಿಯಲ್ಲಿ ಅವಳು ಕಾರ್ಡನ್ನು ಎರಡು ಸಲ ತೆಗೆದು ನೋಡಿದಳು. ಉದ್ಯೋಗದ ಎದುರು, ಶ್ಯಾವಿಗೆ ತಯಾರಿಕೆ ಮತ್ತು ಮಾರಾಟ ಎಂದು ಬರೆದಿತ್ತು. ಕೆಳಗೆ ಹತ್ತನೇ ಪಕ್ಕೆಲುಬು, ಬಲಗಡೆ.

ಮನೆಯಲ್ಲಿ ವರದರಾಜ ಊಟಕ್ಕೆ ಬಂದಿದ್ದ. ಸುಂದರಮ್ಮ ದಿವಾನದ ಮೇಲೆ ಫೋನು ಸ್ಪೀಕರಿಗೆ ಹಾಕಿ ಮಗಳ ಹತ್ತಿರ ಭಾನುವಾರದ ಮಾತಾಡುತ್ತಿದ್ದರು. ಯಮುನಾ ಕಾರ್ಡನ್ನು ಗಂಡನ ತಟ್ಟೆಯ ಪಕ್ಕ ಇಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಬೆರಳು ಹರಡಿ ಕೂಡ ತೋರಿಸಿದಳು. ಆರು ವರ್ಷ ಈ ಗಳಿಗೆಯನ್ನು ಮನಸ್ಸಿನಲ್ಲೇ ಎಷ್ಟೋ ಥರ ಕಟ್ಟಿಕೊಂಡಿದ್ದಳು. ಒಂದರಲ್ಲಿ ಗಂಡ ಅವಳ ಕೈ ಹಿಡಿಯುತ್ತಿದ್ದ.

ವರದರಾಜ ಎಡಗೈಯಲ್ಲಿ ಕಾರ್ಡು ದೂರ ಹಿಡಿದು ಓದಿದ. "ಒತ್ತಿದ್ದಕ್ಕಾ? ಅಮ್ಮ ಒತ್ತಿಲ್ವಾ ಅಷ್ಟು ವರ್ಷ? ನಮ್ಮಜ್ಜಿ ಒತ್ತಿಲ್ವಾ? ಯಾರ ಪಕ್ಕೆ ಜಾರಿತ್ತು?"

"ಅವರಿಗೆಲ್ಲ ತಟ್ಟೆ ತಿರುಗಿಸೋರು ಒಬ್ರು ಇದ್ರು."

ಅವನು ಹುಳಿಯನ್ನಕ್ಕೆ ಮಜ್ಜಿಗೆ ಸುರಿದುಕೊಂಡ. ಸುಂದರಮ್ಮ ಕೈಚಾಚಿ ಕಾರ್ಡು ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಮೇಲಿಂದ ಓದಿಕೊಂಡು ಬಂದವರು ಒಂದು ಕಡೆ ನಿಂತರು. ಪಕ್ಕೆಲುಬಿನ ಸಾಲಿನವರೆಗೆ ಅವರ ಕಣ್ಣು ಇಳಿಯಲೇ ಇಲ್ಲ.

"ಮಾರಾಟ? ಹೀಗಂತ ಬರೆಸ್ಕೊಂಡು ಬಂದ್ಯಾ? ಲಕ್ಷ್ಮಯ್ಯ ಡಾಕ್ಟ್ರ ಕ್ಲಿನಿಕ್ಕಲ್ಲಿ? ಇಡೀ ಬಸವನಗುಡಿ ಬಂದುಹೋಗೋ ಜಾಗ ಕಣೆ ಅದು."

ಫೋನಿನಿಂದ ಸುಪ್ರಜಾಳ ದನಿ ಬಂತು. "ಏನಮ್ಮಾ? ಅತ್ತಿಗೆಗೆ ಏನಂತೆ?"

ಯಮುನಾ ಫೋನಿನ ಹತ್ತಿರ ಬಗ್ಗಿದಳು. ಬಗ್ಗಿದ್ದಕ್ಕೆ ಪಕ್ಕೆ ಹಿಡಿಯಿತು. "ಸುಪ್ರಜಾ, ಅದು ಹೊಟ್ಟೆಕಿಚ್ಚಲ್ಲವಂತೆ. ಪಕ್ಕೆಲುಬು. ನಿಮ್ಮ ಗೃಹಪ್ರವೇಶದ ದಿನ ಜಾರಿದ್ದು."

ಆ ಕಡೆ ಮಿಕ್ಸಿಯ ಸದ್ದು ನಿಂತಿತು. "ಅಯ್ಯೋ ಅತ್ತಿಗೆ, ಅದನ್ನ ಇನ್ನೂ ಇಟ್ಕೊಂಡಿದೀರಾ? ತಮಾಷೆಗಲ್ವಾ ಅಂದಿದ್ದು. ಅಂತೂ ಏನೂ ದೊಡ್ಡ ಕಾಯಿಲೆ ಅಲ್ವಲ್ಲ, ಸದ್ಯ! ನೋಡಿ, ಭಾನುವಾರ ಒಂದು ಆಗ್ಬಿಡ್ಲಿ. ಎಲ್ಲರಿಗೂ ಹೇಳ್ಬಿಟ್ಟಿದೀನಿ, ಬೀಗರಂತೂ ನಿಮ್ಮ ಶ್ಯಾವಿಗೆಗೇ ಕಾಯ್ತಿದಾರೆ. ಆಮೇಲೆ ಎಷ್ಟು ಬೇಕಾದ್ರೂ ರೆಸ್ಟ್ ತಗೊಳ್ಳಿ."

"ಹೌದು, ಇದೊಂದು ಆಗಿಬಿಡ್ಲಿ" ಎಂದರು ಸುಂದರಮ್ಮ, ಈಗ ಮೆತ್ತಗೆ. "ಮನೆಮಗಳ ಕೆಲಸ. ಇದನ್ನೇನು ಮಾರ್ತಿದೀಯಾ? ಒಂದು ಸಲ ಮಾಡಿಕೊಟ್ಟುಬಿಡು."

ಯಮುನಾ ಗಂಡನ ಕಡೆ ತಿರುಗಿದಳು. "ನೀವು ಒತ್ತಿ ಭಾನುವಾರ. ನಾನು ತಟ್ಟೆ ತಿರುಗಿಸ್ತೀನಿ."

ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು, ಎದುರಿಗೇ ಒಮ್ಮೆ ನೋಡಿಬಿಡಬೇಕೆಂದು. ವರದರಾಜ ತಟ್ಟೆ ನೋಡಿದ, ತಾಯಿಯನ್ನು ನೋಡಿದ. "ನೂರಿಪ್ಪತ್ತು ಜನಕ್ಕಾ? ಬೀಗರೆದುರಿಗಾ?" ಎಂದು ನಕ್ಕ. ನಗುವಾಗ ಕೈ ತಾನಾಗಿ ಅವನದೇ ಬಲಪಕ್ಕೆಗೆ ಹೋಗಿತ್ತು.

ಯಮುನಾ ಕಾರ್ಡಿಗಾಗಿ ಕೈ ನೀಡಿದಳು. ಅದು ಸುಂದರಮ್ಮನ ಕೈಯಲ್ಲಿತ್ತು, ಮಡಚಿ, ಮತ್ತೆ ಮಡಚಿ, ಎಲೆ ಅಡಿಕೆಯ ತಟ್ಟೆಯ ಕೆಳಗೆ ಹೋಗುತ್ತಿತ್ತು. ಬೀದಿಯಲ್ಲಿ ಟಪ್, ಟಪ್ ಎಂದು ಬೆಲ್ಟು ಬಡಿದುಕೊಂಡಿತು. ಗಿರಣಿ ಸರಿಯಾಗಿತ್ತು. ಕಿಟಕಿ ಗಾಜು ಅದುರಿತು.

"ಎಲ್ಲಿಗೆ?" ಎಂದರು ಸುಂದರಮ್ಮ. ಯಮುನಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ಅಕ್ಕಿ ಇನ್ನೂ ಹಾಕಿರಲ್ಲ ಮುನಿರಾಮಪ್ಪನೋರು. ಹಾಕಿಲ್ದಿದ್ರೆ ಅಕ್ಕಿಯಾಗೇ ವಾಪಸ್ ತರ್ತೀನಿ. ಹಾಕಿಬಿಟ್ಟಿದ್ರೆ ಆ ಹಿಟ್ಟನ್ನ ನೀವೇ ಯಾರಾದ್ರೂ ಒತ್ಕೊಳ್ಳಿ" ಎನ್ನುತ್ತ ಯಮುನಾ ಹೊಸ್ತಿಲು ದಾಟಿ, ಗೇಟಿನ ಚಿಲಕವನ್ನು ಹಿಂದೆ ಹಾಕದೆ, ಒಂದು ಕೈ ಪಕ್ಕೆಯ ಮೇಲಿಟ್ಟುಕೊಂಡು ಆ ಸದ್ದಿನ ಕಡೆಗೆ ನಡೆದಳು.